ಕಾಮಾಲೆ ವಾಸಿಯಾದದ್ದು ನಾಟಿ ಔಷಧಿಯಿಂದಲೇ? ಲಿವರ್ ತಜ್ಞರ ಬಳಿ ಹೋಗಬೇಕಾದದ್ದು ಯಾವಾಗ?

‘ಜಾಂಡೀಸ್‌ಗೆ ಇಂಗ್ಲಿಷ್ ಮೆಡಿಸಿನ್‌ನಲ್ಲಿ ಔಷಧಿಯೇ ಇಲ್ಲ. ಮೂರು ದಿನ ಬರಿಹೊಟ್ಟೆಯಲ್ಲಿ ಈ ಸೊಪ್ಪಿನ ರಸ ಕುಡಿಯಿರಿ, ಲಿವರ್ ಹೊಸದಾಗುತ್ತದೆ. ಹತ್ತು ಜನಕ್ಕೆ ಕಳಿಸಿ, ಒಂದು ಜೀವ ಉಳಿಸಿ.’

ಈ ಧಾಟಿಯ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರುತ್ತದೆ. ಸೊಪ್ಪಿನ ಹೆಸರು ಬದಲಾಗಬಹುದು, ಔಷಧಿ ಕೊಡುವವರ ಊರು ಬದಲಾಗಬಹುದು, ಮಾತು ಮಾತ್ರ ಅದೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಇದನ್ನು ಫೋನ್ ಬರುವ ಮೊದಲಿನಿಂದಲೂ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದಿದ್ದಾರೆ. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವ ಸೀಮೆ ಇದು. ಹಾಗಾಗಿ ಕಾಯಿಲೆಗೂ ಕಾಮಾಲೆ, ಅರಿಶಿನ ಕಾಮಾಲೆ, ಪಚ್ಚಕಾಮೆರ್ಲು, ಜಾಂಡೀಸ್ ಎಂದು ನಾಲ್ಕು ಹೆಸರು. ಔಷಧಿಗೆ ಕೆಲವರು ನಾಟಿ ಔಷಧಿ ಎನ್ನುತ್ತಾರೆ, ಕೆಲವರು ಪಸರು ಮಂದು ಎನ್ನುತ್ತಾರೆ.

ಈ ಫಾರ್ವರ್ಡ್ ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಇದರಲ್ಲಿ ಅರ್ಧ ನಿಜವಿದೆ, ಅಪಾಯ ಇರುವುದೂ ಅಲ್ಲೇ.

ಕಾಮಾಲೆ ಅಂದರೆ ಏನು?

ನಮ್ಮ ರಕ್ತದ ಕೆಂಪುಕಣಗಳ ಆಯಸ್ಸು ಸುಮಾರು 120 ದಿನ. ಹಳೆಯ ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ರಕ್ತದಿಂದ ಎಳೆದುಕೊಂಡು, ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತನಾಳದ ಮೂಲಕ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ರಕ್ತದಲ್ಲಿ ಇದು ಸಾಮಾನ್ಯವಾಗಿ 1.2 ಮಿ.ಗ್ರಾಂ.ಗಿಂತ ಕಡಿಮೆ ಇರುತ್ತದೆ. ಎರಡೂವರೆ, ಮೂರು ದಾಟಿದಾಗ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣುತ್ತದೆ. ಇದೇ ಕಾಮಾಲೆ.

ಕೋಲಾರದ ಟೊಮೇಟೊ ಮಂಡಿಯನ್ನು ನೆನೆಸಿಕೊಳ್ಳಿ. ಮಂಡಿಯ ಮುಂದೆ ಗಾಡಿಗಳು ಸಾಲುಗಟ್ಟಿ ನಿಂತಿವೆ. ಏಕೆ? ಆ ದಿನ ಮಾಲು ವಿಪರೀತ ಬಂದಿರಬಹುದು. ಒಳಗೆ ಹಮಾಲಿಗಳು ಕೆಲಸ ನಿಲ್ಲಿಸಿರಬಹುದು. ಅಥವಾ ಹೊರಗೆ ಹೋಗುವ ಗೇಟಿನಲ್ಲಿ ಲಾರಿಯೊಂದು ಕೆಟ್ಟು ನಿಂತಿರಬಹುದು. ರಸ್ತೆಯಲ್ಲಿ ನಿಂತು ನೋಡುವವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಕಾಮಾಲೆಯೂ ಹಾಗೆಯೇ. ರಕ್ತಕಣಗಳು ಅತಿಯಾಗಿ ಒಡೆಯುತ್ತಿರಬಹುದು. ವೈರಸ್, ಮದ್ಯ ಅಥವಾ ಔಷಧಿಯಿಂದ ಲಿವರ್‌ಗೆ ಪೆಟ್ಟಾಗಿರಬಹುದು. ಕಲ್ಲು ಅಥವಾ ಗಡ್ಡೆ ಪಿತ್ತನಾಳವನ್ನು ಕಟ್ಟಿರಬಹುದು. ಡೆಂಗಿ, ಮಲೇರಿಯಾ, ಇಲಿಜ್ವರದಲ್ಲೂ ಕಣ್ಣು ಹಳದಿಯಾಗುವುದುಂಟು. ಕಣ್ಣಿನ ಬಣ್ಣ ನೋಡಿ ‘ಇದು ಬರೀ ಕಾಮಾಲೆ’ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ, ವೈದ್ಯರಿಗೂ ಸಾಧ್ಯವಿಲ್ಲ. ಅದಕ್ಕೇ ಅವರು ರಕ್ತ ಪರೀಕ್ಷೆಗೆ ಬರೆದುಕೊಡುವುದು.

ಹಾಗಾದರೆ ರಸ ಕುಡಿದವರು ವಾಸಿಯಾದರಲ್ಲ?

ಆದರು. ಸುಳ್ಳಲ್ಲ. ನಮ್ಮಲ್ಲಿ ಮಕ್ಕಳಿಗೆ, ಯುವಕರಿಗೆ ಬರುವ ಕಾಮಾಲೆಯಲ್ಲಿ ದೊಡ್ಡ ಪಾಲು ಕಲುಷಿತ ನೀರು ಮತ್ತು ಆಹಾರದಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳದ್ದು. ಇವೆರಡಕ್ಕೂ ನೇರವಾಗಿ ವೈರಸ್ ಕೊಲ್ಲುವ ಔಷಧಿಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಫಾರ್ವರ್ಡ್‌ನ ಮೊದಲ ಸಾಲು ಇಷ್ಟರ ಮಟ್ಟಿಗೆ ನಿಜ. ಕೊಡದಿರುವುದಕ್ಕೆ ಕಾರಣ, ಹೆಚ್ಚಿನವರಲ್ಲಿ ಅದು ಬೇಕಾಗುವುದೇ ಇಲ್ಲ. ದೇಹವೇ ವೈರಸ್ಸನ್ನು ಹೊರಹಾಕುತ್ತದೆ, ಲಿವರ್ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ.

ಈಗ ದಿನಗಳ ಲೆಕ್ಕ ನೋಡೋಣ. ಮೊದಲು ಜ್ವರ, ವಾಕರಿಕೆ, ಊಟ ಸೇರದಿರುವುದು. ಆಮೇಲೆ ಮೂತ್ರ ಟೀ ಡಿಕಾಕ್ಷನ್‌ನಂತೆ ಕಪ್ಪಗಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಒಂದೆರಡು ವಾರ ಹಳದಿ ಏರುತ್ತದೆ, ಬಳಿಕ ತಾನಾಗಿ ಇಳಿಯುತ್ತದೆ. ನಾವು ನಾಟಿ ಔಷಧಿಗೆ ಹೋಗುವುದು ಯಾವಾಗ? ಹಳದಿ ಚೆನ್ನಾಗಿ ಏರಿ, ಮನೆಯವರಿಗೆಲ್ಲ ಗಾಬರಿಯಾದಾಗ. ಅಂದರೆ ಇನ್ನೇನು ಇಳಿಯಲಿದೆ ಎನ್ನುವ ಹೊತ್ತಿಗೆ. ಭಾನುವಾರ ರಸ ಕುಡಿದರು, ಮುಂದಿನ ಭಾನುವಾರದ ಹೊತ್ತಿಗೆ ಹಸಿವು ಮರಳಿತು. ಹೆಸರು ಯಾರಿಗೆ ಬಂತು? ರಸಕ್ಕೆ. ಏನೂ ಕುಡಿಯದೆ ಮನೆಯಲ್ಲೇ ಮಲಗಿದ್ದ ಪಕ್ಕದ ಬೀದಿಯವರೂ ಅದೇ ವಾರ ಎದ್ದು ಓಡಾಡಿದರು, ಆದರೆ ಅವರ ಬಗ್ಗೆ ಯಾರೂ ಫಾರ್ವರ್ಡ್ ಬರೆಯುವುದಿಲ್ಲ.

ಹಾಗೆಂದು ಸೊಪ್ಪು ಸದೆಗಳನ್ನು ವಿಜ್ಞಾನಿಗಳು ತಿರುಗಿಯೂ ನೋಡಿಲ್ಲ ಎಂದುಕೊಳ್ಳಬೇಡಿ. ಕಾಮಾಲೆಗೆ ಅತಿ ಹೆಚ್ಚು ಹೆಸರಾದದ್ದು ನೆಲನೆಲ್ಲಿ, ಅಂದರೆ ಕಿರುನೆಲ್ಲಿ, ತೆಲುಗಿನ ನೇಲ ಉಸಿರಿ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದ ಕೆಲಸಕ್ಕೆ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ಮದ್ರಾಸಿನ ವಿಜ್ಞಾನಿಗಳ ಜೊತೆ ಸೇರಿ ಇದನ್ನು ಪರೀಕ್ಷಿಸಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್‌ನ ಗುರುತು ಮಾಯವಾಗಿತ್ತು. ಉತ್ತುತ್ತು ಗುಳಿಗೆ ತೆಗೆದುಕೊಂಡ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಜಗತ್ತೇ ಬೆರಗಾಯಿತು. ಆದರೆ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಅದೇ ಗಿಡವನ್ನು ಪರೀಕ್ಷಿಸಿದಾಗ ಅಂಥ ಗುಣ ಕಾಣಲಿಲ್ಲ. 2011ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಣತರು ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ನಂಬಲರ್ಹ ಪುರಾವೆ ಸಿಗಲಿಲ್ಲ. ಇಷ್ಟು ದೊಡ್ಡ ವಿಜ್ಞಾನಿಯ ಹೆಸರಿದ್ದ ಫಲಿತಾಂಶವೂ ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಹಾಗಿರುವಾಗ ಯಾವ ಸೊಪ್ಪು, ಎಷ್ಟು ಪ್ರಮಾಣ ಎಂದು ಹೇಳದೆಯೇ ಲೋಟಕ್ಕೆ ಹಾಕಿ ಕೊಡುವ ರಸವನ್ನು ಹೇಗೆ ನಂಬುವುದು?

ಗಿಡಮೂಲಿಕೆ ಅಂದರೆ ಅಪಾಯವಿಲ್ಲ ಎನ್ನುವುದೂ ತಪ್ಪು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಮನೆಮನೆಯಲ್ಲೂ ಕುದಿಯಿತು. ಅದನ್ನು ಸೇವಿಸಿದ ಬಳಿಕ ಲಿವರ್‌ಗೆ ಪೆಟ್ಟಾದ ಆರು ರೋಗಿಗಳ ವಿವರವನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಬೇರೆ ಜಾತಿಯ ಬಳ್ಳಿ ಬೆರೆತಿರಬಹುದು ಎಂದಿತು. ವಾದ ಏನೇ ಇರಲಿ, ಮೊದಲೇ ಸೊರಗಿದ ಲಿವರ್ ಇರುವವರು ಇಂಥ ಪ್ರಯೋಗಕ್ಕೆ ಇಳಿಯಬಾರದು.

ಕೈ ತೊಳೆದರೆ ಹಳದಿ ಇಳಿಯುತ್ತದೆಯೇ?

ಇನ್ನೊಂದು ವಿಡಿಯೋ ನೋಡಿರುತ್ತೀರಿ. ರೋಗಿಯ ಕೈಗೆ ಸುಣ್ಣದ ತಿಳಿನೀರು ಹಾಕಿ ಉಜ್ಜುತ್ತಾರೆ, ಕೆಳಗಿನ ತಟ್ಟೆಯಲ್ಲಿ ನೀರು ಹಳದಿಯಾಗಿ ಇಳಿಯುತ್ತದೆ. ‘ನೋಡಿ, ಕಾಮಾಲೆ ಹೊರಗೆ ಬಂತು!’

ಇದರ ಗುಟ್ಟು ಶ್ರೀನಿವಾಸಪುರದವರ ತೋಟದಲ್ಲೇ ಇದೆ. ಮಾವಿನ ಮರದ ತೊಗಟೆಯ ರಸವನ್ನು ಮೊದಲೇ ಕೈಗೆ ಸವರಿದ್ದರೆ, ಸುಣ್ಣದ ನೀರು ತಗುಲಿದೊಡನೆ ಅದು ಹಳದಿಯಾಗುತ್ತದೆ. ಪವಾಡ ಬಯಲು ಮಾಡುವವರು ಶಾಲೆಗಳಲ್ಲಿ ವರ್ಷಗಳಿಂದ ಮಾಡಿ ತೋರಿಸುತ್ತಿರುವ ಪ್ರಯೋಗ ಇದು. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಸೇರಿಸಿದರೆ ನೀರು ಕೆಂಪಾಗುತ್ತದಲ್ಲ, ಅದೇ ಜಾತಿಯ ಆಟ. ಕಾಮಾಲೆ ಇಲ್ಲದವರ ಕೈಯನ್ನೂ ಹೀಗೆ ತೊಳೆಸಿ ನೋಡಿ, ನೀರು ಅಷ್ಟೇ ಹಳದಿಯಾಗುತ್ತದೆ. ಬಿಲಿರುಬಿನ್ ಹೊರಗೆ ಹೋಗುವ ದಾರಿ ಮಲ ಮತ್ತು ಮೂತ್ರ, ಅಂಗೈ ಅಲ್ಲ.

ಪಥ್ಯದ ಬಗ್ಗೆಯೂ ಒಂದು ಮಾತು. ಉಪ್ಪಿಲ್ಲ, ಎಣ್ಣೆಯಿಲ್ಲ, ಬೇಳೆಯಿಲ್ಲ, ಸಾರಿಗೆ ಅರಿಶಿನವೂ ಇಲ್ಲ ಎಂದು ರೋಗಿಯನ್ನು ವಾರಗಟ್ಟಲೆ ಮಜ್ಜಿಗೆ ಅನ್ನದಲ್ಲೇ ಇಡುತ್ತಾರೆ. ಅರಿಶಿನದ ಹಳದಿಗೂ ಕಣ್ಣಿನ ಹಳದಿಗೂ ಸಂಬಂಧವಿಲ್ಲ. ರಿಪೇರಿಯಾಗುತ್ತಿರುವ ಲಿವರ್‌ಗೆ ಆಹಾರ ಬೇಕು. ವಾಕರಿಕೆ ಇದ್ದರೆ ಸ್ವಲ್ಪ ಸ್ವಲ್ಪವೇ ಹಲವು ಸಲ ಕೊಡಿ. ಮುದ್ದೆ, ಬೇಳೆ ಸಾರು, ಮೊಟ್ಟೆ, ಹಣ್ಣು, ಸೇರಿದ್ದನ್ನು ತಿನ್ನಲಿ. ಬಿಡಬೇಕಾದದ್ದು ಮದ್ಯ, ಮತ್ತು ವೈದ್ಯರನ್ನು ಕೇಳದೆ ನುಂಗುವ ಮಾತ್ರೆಗಳು. (ಹೊಟ್ಟೆಯಲ್ಲಿ ನೀರು ತುಂಬಿದ ಹಳೆಯ ಲಿವರ್ ರೋಗಿಗಳಿಗೆ ಉಪ್ಪು ಕಡಿಮೆ ಮಾಡಬೇಕು ಎನ್ನುವುದು ಬೇರೆ ವಿಷಯ. ಅದನ್ನು ವೈದ್ಯರೇ ಹೇಳುತ್ತಾರೆ.)

ವಾಸಿಯಾಗದವರು ಯಾರು?

ನಾಟಿ ಔಷಧಿಯ ನಿಜವಾದ ಬೆಲೆ ಕಟ್ಟುವವರು ಇವರು. ಅವರಿಗೆ ಬಂದಿರುವುದು ತಾನಾಗಿ ಹೋಗುವ ಕಾಮಾಲೆಯಲ್ಲ. ರಸ ಕುಡಿದು ಕಾಯುವ ಆ ಎರಡು ಮೂರು ವಾರ ಅವರ ಪಾಲಿಗೆ ಚಿಕಿತ್ಸೆಯ ಹೊತ್ತು.

ಎಳೆಗೂಸನ್ನೇ ತೆಗೆದುಕೊಳ್ಳಿ. ಹುಟ್ಟಿದ ಮೊದಲ ವಾರಗಳಲ್ಲಿ ಹಲವು ಮಕ್ಕಳಿಗೆ ಹಳದಿ ಬರುತ್ತದೆ, ಹೋಗುತ್ತದೆ. ‘ಬೆಳಗಿನ ಬಿಸಿಲಿಗೆ ಹಿಡಿಯಿರಿ’ ಎಂದು ಅಜ್ಜಿಯರು ಹೇಳುವುದು ಅದನ್ನು ನೋಡಿಯೇ. ಆದರೆ 14 ದಿನ ಕಳೆದರೂ ಹಳದಿ ಉಳಿದಿದ್ದರೆ, ಅದರಲ್ಲೂ ಮಗುವಿನ ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ, ಪಿತ್ತನಾಳವೇ ಮುಚ್ಚಿಹೋಗಿರಬಹುದು. ಇದಕ್ಕೆ ಶಸ್ತ್ರಚಿಕಿತ್ಸೆ ಇದೆ. ಮಗುವಿಗೆ 60 ದಿನ ತುಂಬುವ ಮೊದಲು ಆದರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಅವಕಾಶ ಕಡಿಮೆ. ಬಿಸಿಲಿಗೆ ಹಿಡಿಯುತ್ತಾ ಎರಡು ತಿಂಗಳು ಕಳೆದ ಮನೆಗೆ ಮುಂದೆ ಉಳಿಯುವ ದಾರಿ ಲಿವರ್ ಕಸಿ. ಬಾಣಂತನದ ಮನೆಗೆ ಈ ಒಂದು ವಿಷಯ ತಲುಪಿದರೂ ಸಾಕು ಎಂದು ನಮಗೆ ಅನಿಸುತ್ತದೆ: ಡೈಪರ್ ಬಿಚ್ಚಿದಾಗ ಮಲದ ಬಣ್ಣ ನೋಡಿ.

ಗರ್ಭಿಣಿಯ ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆ. ಉಳಿದವರಲ್ಲಿ ಸದ್ದಿಲ್ಲದೆ ಹೋಗುವ ಹೆಪಟೈಟಿಸ್ ಇ, ಗರ್ಭದ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ 20ರಿಂದ 25 ತಾಯಂದಿರ ಜೀವ ತೆಗೆಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಟಿಬಿ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ವಾಂತಿ, ಹಳದಿ ಶುರುವಾದರೆ ಮಾತ್ರೆಯೇ ಕಾರಣವಿರಬಹುದು. ಅಂದೇ ಟಿಬಿ ಕೇಂದ್ರದ ವೈದ್ಯರಿಗೆ ತೋರಿಸಿ. ಮೈ ತುರಿಕೆ, ಬಿಳಿಚಿದ ಮಲ, ಬಲ ಪಕ್ಕೆಯ ಕೆಳಗೆ ನೋವು ಇದ್ದರೆ ನಾಳದಲ್ಲಿ ಕಲ್ಲಿರಬಹುದು. ಅದರ ಜೊತೆ ಚಳಿಜ್ವರವೂ ಬಂದರೆ ನಾಳದಲ್ಲಿ ಕೀವಾಗಿದೆ ಎಂದರ್ಥ, ಒಂದು ರಾತ್ರಿಯೂ ಕಾಯುವಂತಿಲ್ಲ. ವಯಸ್ಸಾದವರಲ್ಲಿ ನೋವಿಲ್ಲದೆ ಹಳದಿ ಏರುತ್ತಾ ತೂಕ ಇಳಿಯುತ್ತಿದ್ದರೆ ಗಡ್ಡೆ ಇದೆಯೇ ಎಂದು ಸ್ಕ್ಯಾನ್ ಮಾಡಿಸಲೇಬೇಕು.

ಇಲಿ ಪಾಷಾಣದ ಪೇಸ್ಟ್ ಇನ್ನೊಂದು. ದಕ್ಷಿಣ ಭಾರತದಲ್ಲಿ ಲಿವರ್ ದಿಢೀರನೆ ಕೈಕೊಡುವುದಕ್ಕೆ ಇದು ದೊಡ್ಡ ಕಾರಣಗಳಲ್ಲೊಂದು. ಮಗು ಆಡುತ್ತಾ ಬಾಯಿಗಿಟ್ಟುಕೊಂಡಿರಲಿ, ದೊಡ್ಡವರು ಬೇಸರದಲ್ಲಿ ತಿಂದಿರಲಿ, ಮೊದಲ ಒಂದೆರಡು ದಿನ ಚೆನ್ನಾಗಿಯೇ ಕಾಣುತ್ತಾರೆ. ‘ವಾಂತಿಯಾಯಿತು, ಇನ್ನೇನೂ ತೊಂದರೆಯಿಲ್ಲ’ ಎಂದು ಮನೆಗೆ ಕರೆತಂದುಬಿಡುತ್ತಾರೆ. ಲಿವರ್ ಕೆಡುವುದು ಆಮೇಲೆ. ಇಂಥವರನ್ನು ಅದೇ ಗಂಟೆ ಆಸ್ಪತ್ರೆಗೆ ಸೇರಿಸಿ, ವೈದ್ಯರು ಬಿಡುವವರೆಗೂ ಅಲ್ಲೇ ಇರಿಸಿ. ಮನಸ್ಸು ಕುಗ್ಗಿದವರ ಜೊತೆ ಮಾತಾಡಲು ಟೆಲಿ ಮಾನಸ್‌ನ 14416 ಇದೆ, ಕರೆ ಉಚಿತ.

ರಿಪೋರ್ಟ್‌ನಲ್ಲಿ ನೋಡಬೇಕಾದ ಅಂಕಿ

ಲ್ಯಾಬ್ ರಿಪೋರ್ಟ್ ಬಂದೊಡನೆ ಎಲ್ಲರ ಕಣ್ಣು ಹೋಗುವುದು ಎಸ್‌ಜಿಪಿಟಿ ಮೇಲೆ. 40ರೊಳಗೆ ಇರಬೇಕಾದದ್ದು 1,500 ಅಂತ ಇದ್ದರೆ ಮನೆಯಲ್ಲಿ ಅಳು. ಮುಂದಿನ ವಾರ 300ಕ್ಕೆ ಇಳಿದರೆ ಸಿಹಿ ಹಂಚಿಕೆ. ಎರಡೂ ಅವಸರವೇ.

ಎಸ್‌ಜಿಪಿಟಿ ಎನ್ನುವುದು ಪೆಟ್ಟಾದ ಲಿವರ್ ಕಣಗಳಿಂದ ಸೋರುವ ವಸ್ತು. ಎಷ್ಟು ಪೆಟ್ಟಾಗುತ್ತಿದೆ ಎಂದು ಹೇಳುತ್ತದೆಯೇ ಹೊರತು ಉಳಿದ ಲಿವರ್ ಕೆಲಸ ಮಾಡುತ್ತಿದೆಯೇ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಪಿಟಿ-ಐಎನ್ಆರ್ ಎಂಬ ಪರೀಕ್ಷೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪದಾರ್ಥಗಳನ್ನು ಲಿವರ್ ದಿನದಿನವೂ ತಯಾರಿಸುತ್ತದೆ. ಲಿವರ್ ಸೋತರೆ ಈ ಅಂಕಿ ಬೇಗ ಏರುತ್ತದೆ. ಸಾಮಾನ್ಯವಾಗಿ 1ರ ಆಸುಪಾಸು ಇರಬೇಕು. ಕಾಮಾಲೆಯ ಜೊತೆ 1.5 ಮುಟ್ಟಿದರೆ ಅದು ತಜ್ಞರ ಕೇಸು. ಎಸ್‌ಜಿಪಿಟಿ ಇಳಿಯುತ್ತಾ ಐಎನ್ಆರ್ ಮತ್ತು ಬಿಲಿರುಬಿನ್ ಏರುತ್ತಿದ್ದರೆ, ಅದು ಗುಣವಾಗುವ ಸೂಚನೆಯಲ್ಲ. ಸೋರಲು ಕಣಗಳೇ ಉಳಿದಿಲ್ಲ ಎಂದಿರಬಹುದು. ರಕ್ತ ತೆಗೆಯುವಾಗ ‘ಪಿಟಿ-ಐಎನ್ಆರ್ ಬರೆದಿದ್ದೀರಾ ಸಾರ್?’ ಎಂದು ಕೇಳಲು ಸಂಕೋಚ ಬೇಡ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಕೇಳಿ.

ಪರೀಕ್ಷೆಗಿಂತ ಮೊದಲೇ ಮನೆಯವರ ಕಣ್ಣಿಗೆ ಬೀಳುವ ಗುರುತುಗಳೂ ಇವೆ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ತೂಕಡಿಕೆ. ಮಾತಿಗೆ ಮಾತು ಸೇರದಿರುವುದು, ಹೆಸರು ಮರೆಯುವುದು, ಸುಮ್ಮಸುಮ್ಮನೆ ಸಿಡುಕುವುದು. ಒಸಡಿನಲ್ಲಿ ರಕ್ತ, ರಕ್ತವಾಂತಿ, ಟಾರಿನಂಥ ಕಪ್ಪು ಮಲ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ‘ಜ್ವರದ ಬಡಬಡಿಕೆ’ ಎಂದು ಮಲಗಿಸಬೇಡಿ.

ಹಳದಿ ಇಲ್ಲದ ಲಿವರ್ ಕಾಯಿಲೆ

ಕಣ್ಣು ಬೆಳ್ಳಗಿದ್ದರೆ ಲಿವರ್ ಚೆನ್ನಾಗಿದೆ ಎಂದೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಅಂದಾಜಿನಂತೆ ಭಾರತದಲ್ಲಿ 2.98 ಕೋಟಿ ಜನರಲ್ಲಿ ಹೆಪಟೈಟಿಸ್ ಬಿ, 55 ಲಕ್ಷ ಜನರಲ್ಲಿ ಹೆಪಟೈಟಿಸ್ ಸಿ ಇದೆ. ಬಹುಪಾಲು ಮಂದಿಗೆ ಅದು ಗೊತ್ತೇ ಇಲ್ಲ. ಹೆಪಟೈಟಿಸ್ ಸಿ ಇದ್ದರೆ ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿಯಲ್ಲಿ ವೈರಸ್ ಪೂರ್ತಿ ಹೋಗುತ್ತದೆ. ‘ಇಂಗ್ಲಿಷ್ ಮೆಡಿಸಿನ್‌ನಲ್ಲಿ ಔಷಧಿಯೇ ಇಲ್ಲ’ ಎನ್ನುವ ಫಾರ್ವರ್ಡ್ ಇಲ್ಲಿ ನೇರವಾಗಿ ಸುಳ್ಳು. ಬಿ ವೈರಸ್ಸನ್ನೂ ಮಾತ್ರೆಯಿಂದ ಹತೋಟಿಯಲ್ಲಿಡಬಹುದು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಎರಡಕ್ಕೂ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ. ಮನೆಯಲ್ಲಿ ಒಬ್ಬರಿಗೆ ಬಿ ಇದೆ ಎಂದಾದರೆ ಉಳಿದವರೆಲ್ಲ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿಕೊಳ್ಳಬೇಕು. ಮಗುವಿಗಂತೂ ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್.

ಫ್ಯಾಟಿ ಲಿವರ್ ಎಂದು ಸ್ಕ್ಯಾನ್ ರಿಪೋರ್ಟ್‌ನಲ್ಲಿ ಬಂದ ತಕ್ಷಣ ಬೆಂಗಳೂರಿಗೆ ಓಡಬೇಕಿಲ್ಲ, ‘ಲಿವರ್ ಡಿಟಾಕ್ಸ್’ ಬಾಟಲಿಯನ್ನು ಕೊಳ್ಳಲೂ ಬೇಕಿಲ್ಲ. ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್, ಈ ನಾಲ್ಕು ಅಂಕಿಗಳಿಂದ ವೈದ್ಯರು ಫಿಬ್-4 ಎಂಬ ಲೆಕ್ಕ ಹಾಕುತ್ತಾರೆ. 1.3ಕ್ಕಿಂತ ಕಡಿಮೆ ಇದ್ದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ, ಊರಿನ ವೈದ್ಯರೇ ಸಾಕು. 2.67 ದಾಟಿದರೆ ತಜ್ಞರು. ನಡುವೆ ಇದ್ದರೆ ಫೈಬ್ರೋಸ್ಕ್ಯಾನ್ ಎಂಬ ಇನ್ನೊಂದು ಪರೀಕ್ಷೆ. ಔಷಧಿಗಿಂತ ಮೊದಲು ತೂಕ ಇಳಿಸಬೇಕು: 80 ಕಿಲೋ ಇರುವವರು 4 ಕಿಲೋ ಇಳಿದರೆ ಲಿವರ್‌ನ ಕೊಬ್ಬು ಕರಗತೊಡಗುತ್ತದೆ, 7–8 ಕಿಲೋ ಇಳಿದರೆ ಊತವೂ ತಗ್ಗುತ್ತದೆ.

ಕುಡಿತದವರ ಮನೆಯವರಿಗೆ: ಕಾಲು ಊದಿ, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೂ ಬಿಟ್ಟರೆ ಲಾಭವಿದೆ. ಆದರೆ ದಿನವೂ ಕುಡಿಯುತ್ತಿದ್ದವರು ಒಂದೇ ಸಲಕ್ಕೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲೇ ಬಿಡಿಸಿ.

ನಮ್ಮ ಕಡೆಯಿಂದ ಎಲ್ಲಿಗೆ ಹೋಗುವುದು?

ಎಲ್ಲ ಕಾಮಾಲೆಗೂ ತಜ್ಞರು ಬೇಡ. ಚೆನ್ನಾಗಿ ಮಾತಾಡುತ್ತಿರುವ, ನೀರು ಊಟ ಹೊಟ್ಟೆಯಲ್ಲಿ ನಿಲ್ಲುತ್ತಿರುವ, ಐಎನ್ಆರ್ ಸರಿಯಿರುವ ರೋಗಿಯನ್ನು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಯಲ್ಲೇ ತೋರಿಸಬಹುದು. ಅದಕ್ಕಿಂತ ಹೆಚ್ಚಿನದು ಬೇಕಾದರೆ ಕೋಲಾರದ ಎಸ್ಎನ್ಆರ್ ಜಿಲ್ಲಾಸ್ಪತ್ರೆ ಅಥವಾ ಟಮಕದ ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ. ಮೂರು ತಾಲ್ಲೂಕಿನಿಂದಲೂ ಸುಮಾರು 30 ಕಿ.ಮೀ. ಒಳಗಿನ ದಾರಿ.

ಮೂರು ವಾರವಾದರೂ ಹಳದಿ ಇಳಿಯದಿದ್ದರೆ, ಐಎನ್ಆರ್ ಏರಿದರೆ, ಹೊಟ್ಟೆಯಲ್ಲಿ ನೀರು ಕಂಡರೆ, ಸಿರೋಸಿಸ್ ಎಂದರೆ, ಆಗ ಲಿವರ್ ತಜ್ಞರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ್ದೇ ಆದ ಜಠರ-ಕರುಳು ರೋಗ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಮಾಲೂರಿನವರಿಗೆ ಬೆಂಗಳೂರು ರೈಲಿನಲ್ಲೇ ಹತ್ತಿರ. ರೈಲಿಲ್ಲದ ಮುಳಬಾಗಿಲಿನವರಲ್ಲಿ ಕೆಲವರು ವೆಲ್ಲೂರಿನ ಸಿಎಂಸಿಗೆ ಹೋಗುವುದೂ ಉಂಟು, ಅಲ್ಲಿ ಲಿವರ್‌ಗೇ ಪ್ರತ್ಯೇಕ ವಿಭಾಗವಿದೆ. ಪುಟ್ಟ ಮಕ್ಕಳಿಗೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಕೇಳಿ.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಅದಿಲ್ಲದೆ ಖಾಸಗಿ ಆಸ್ಪತ್ರೆಗೆ ಹೋಗಿ, ಚೀಟಿಗಾಗಿ ಮತ್ತೆ ಊರಿಗೆ ಬಂದು ಅಲೆಯುವವರು ಬಹಳ. ಹೊರಡುವ ಮುಂಚೆಯೇ ಬರೆಸಿಕೊಳ್ಳಿ. ಹಳೆಯ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಫೋನಿನಲ್ಲೂ ಫೋಟೋ ತೆಗೆದಿಡಿ. ತಿನ್ನುತ್ತಿರುವ ಮಾತ್ರೆಗಳ ಹಾಳೆ ಜೊತೆಗಿರಲಿ. ನಾಟಿ ಔಷಧಿ ತೆಗೆದುಕೊಂಡಿದ್ದರೆ ಅದರ ಪುಡಿ, ಪೊಟ್ಟಣ, ಉಳಿದ ಸೊಪ್ಪು ಏನಿದ್ದರೂ ಒಯ್ದು ತೋರಿಸಿ. ಡಾಕ್ಟರ್ ಬೈಯ್ಯುತ್ತಾರೆ ಎಂದು ಮುಚ್ಚಿಟ್ಟರೆ, ಅವರು ಇಲ್ಲದ ಕಾರಣ ಹುಡುಕುತ್ತಾ ಎರಡು ದಿನ ಕಳೆಯುತ್ತಾರೆ. ಬೈದರೆ ಬೈಸಿಕೊಳ್ಳಿ.